ಒಂದು ನಿಮಿಷದ ಪ್ರಹಸನಕ್ಕೆ ಒಂದು ಕಪಾಟು: ಆರಂಭಕಾಲದ ಹಾಸ್ಯ ರೀಲುಗಳನ್ನು ಏಕೆ ಕೂಡಿಡುತ್ತೇವೆ?

ರೀಲುಪೆಟ್ಟಿಗೆ (ಮಡಿಕೇರಿ)

ಹಳೆಯ ಸಿನಿಮಾ ಸಂಗ್ರಹಿಸುತ್ತೇನೆ ಎಂದರೆ ಜನ ಪೋಸ್ಟರ್, ಪದ್ಯಾವಳಿ, ರಾಜ್‌ಕುಮಾರ್ ಚಿತ್ರಗಳ ಸ್ಟಿಲ್ ಎಂದುಕೊಳ್ಳುತ್ತಾರೆ. ನನ್ನ ಕಪಾಟಿನಲ್ಲಿರುವುದು 1895ರಿಂದ 1920ರ ದಶಕದವರೆಗಿನ ಪುಟ್ಟ ಹಾಸ್ಯ ಚಿತ್ರಗಳ ರೀಲುಗಳು. ಕೆಲವು ಒಂದು ನಿಮಿಷದವು, ಉದ್ದದವು ಇಪ್ಪತ್ತು ನಿಮಿಷದವು. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ನೋಡಿ, "ತೋಟದವನ ಮುಖಕ್ಕೆ ನೀರು ಹಾರುತ್ತದೆ, ಅಷ್ಟೇ ತಾನೆ? ಇದಕ್ಕೆ ಇಷ್ಟು ದುಡ್ಡು ಸುರಿದೆಯಾ?" ಎಂದು ಕೇಳಿದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಅವರು ನೋಡಿದ್ದು ಸಿನಿಮಾದ ಆದ್ಯರಾದ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರದ ಒಂದು ನಂತರದ ಪ್ರತಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನ ಗ್ರ್ಯಾಂಡ್ ಕೆಫೆಯಲ್ಲಿ ಟಿಕೆಟ್ ಇಟ್ಟು ತೋರಿಸಿದ ಚಿತ್ರಗಳಲ್ಲಿ ಇದೂ ಒಂದು. ತೋಟಗಾರ ಗಿಡಗಳಿಗೆ ನೀರು ಹಾಯಿಸುತ್ತಿರುತ್ತಾನೆ. ಹಿಂದಿನಿಂದ ಬಂದ ಹುಡುಗ ಪೈಪನ್ನು ಮೆಟ್ಟುತ್ತಾನೆ. ನೀರು ನಿಂತಿತೇಕೆ ಎಂದು ತೋಟಗಾರ ಪೈಪಿನ ಬಾಯಿಯನ್ನು ಇಣುಕಿ ನೋಡುವಾಗ ಹುಡುಗ ಕಾಲು ತೆಗೆಯುತ್ತಾನೆ. ಮುಂದಿನದು ನಿಮಗೆ ಗೊತ್ತೇ ಇದೆ. ಒಂದು ನಿಮಿಷವೂ ತುಂಬದ ಇಷ್ಟರಲ್ಲಿ ಸಂಚಿದೆ, ಮೋಸವಿದೆ, ಫಲವಿದೆ, ಶಿಕ್ಷೆಯಿದೆ.

ಆದರೆ ನಾನು ಮತ್ತೆ ಮತ್ತೆ ನೋಡುವುದು ಕೊನೆಯ ಕ್ಷಣಗಳನ್ನು. ಹುಡುಗ ಚೌಕಟ್ಟಿನ ಅಂಚಿನತ್ತ ಓಡುತ್ತಾನೆ. ತೋಟಗಾರ ಅವನನ್ನು ಹಿಡಿದು, ಅಲ್ಲೇ ಬಾರಿಸದೆ, ಕ್ಯಾಮೆರಾದ ಎದುರಿಗೆ ಎಳೆದು ತಂದು ಬಾರಿಸುತ್ತಾನೆ. ಏಕೆಂದರೆ ಕ್ಯಾಮೆರಾ ತಿರುಗುವುದಿಲ್ಲ. ಏಟು ನಮಗೆ ಕಾಣಬೇಕಾದರೆ ನಟನೇ ನಮ್ಮ ಬಳಿಗೆ ಬರಬೇಕು. ಸಿನಿಮಾ ಎಂಬುದು ತನ್ನ ಕೈಕಾಲು ಇನ್ನೂ ಪತ್ತೆಹಚ್ಚಿಕೊಳ್ಳದ ಹೊತ್ತು ಅದು. ದೊಡ್ಡ ಪೌರಾಣಿಕ ಚಿತ್ರಗಳಲ್ಲಿ ಈ ತಡಕಾಟ ಸೆಟ್ಟಿನ ಹಿಂದೆ ಅಡಗುತ್ತದೆ, ಪ್ರಹಸನದಲ್ಲಿ ಬಟಾಬಯಲಾಗಿ ನಿಲ್ಲುತ್ತದೆ. ನಾನು ದುಡ್ಡು ಕೊಡುವುದು ಇದಕ್ಕೆ.

ಬೇರೆಯವರು ಏಕೆ ಸಂಗ್ರಹಿಸುತ್ತೀರಿ? ಅಥವಾ ಏಕೆ ಬೇಡವೆನ್ನುತ್ತೀರಿ?

ಸಂದೇಹಿ (ಸೋಮವಾರಪೇಟೆ)

ಬೇಡವೆನ್ನುವವರ ಪರವಾಗಿ ನಾನು. ನೀವು ಬಣ್ಣಿಸಿದ ಚಿತ್ರ ನನ್ನ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಬರಹ ಓದಿ ಈಗಷ್ಟೇ ನೋಡಿದೆ. ಹುಡುಗನನ್ನು ಎಳೆದು ತರುವುದು ಅದರಲ್ಲಿಯೂ ಕಾಣುತ್ತದೆ, ನಿಮ್ಮ ಪ್ರತಿಗಿಂತ ನಿಚ್ಚಳವಾಗಿಯೇ ಇರಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಫಿಲಂ ಸುರುಳಿ ಇಟ್ಟುಕೊಂಡು ಬೂಷ್ಟಿನೊಡನೆ ಹೋರಾಡುವುದು ಏಕೆ? ಇದು ಸಿನಿಮಾದ ಮೇಲಿನ ಪ್ರೀತಿಯೋ, ವಸ್ತುವಿನ ಮೇಲಿನ ಮೋಹವೋ?

ರೀಲುಪೆಟ್ಟಿಗೆ (ಮಡಿಕೇರಿ)

ಎರಡೂ ಹೌದು, ನಾಚಿಕೆಯಿಲ್ಲ. ಆದರೆ "ಅದೇ ಚಿತ್ರ" ಎಂದಿರಲ್ಲ, ಅಲ್ಲಿ ತಕರಾರಿದೆ. ಆ ಕಾಲದ ಹಾಸ್ಯ ಚಿತ್ರಗಳಲ್ಲಿ ಎಷ್ಟೋ ಚಿತ್ರಗಳಿಗೆ ಒಂದೇ ರೂಪವಿಲ್ಲ. ಗೆದ್ದ ಚಿತ್ರವನ್ನು ಎದುರಾಳಿಗಳು ಮರುವರ್ಷವೇ ಮತ್ತೆ ತೆಗೆಯುತ್ತಿದ್ದರು. ಮೇಲಿನ ತೋಟಗಾರನಿಗೇ ಎಷ್ಟು ಜನ ತಮ್ಮಂದಿರು ಹುಟ್ಟಿದರೋ! ದೇಶ ಬದಲಾದಾಗ ಹೆಸರು ಬದಲಾಗುತ್ತಿತ್ತು, ಮರುಬಿಡುಗಡೆಯಲ್ಲಿ ಶೀರ್ಷಿಕೆ ಫಲಕಗಳು ಬದಲಾಗುತ್ತಿದ್ದವು, ಮನೆಬಳಕೆಗೆ ಮಾರುವಾಗ ದೃಶ್ಯಗಳನ್ನು ಕತ್ತರಿಸುತ್ತಿದ್ದರು. ಅಮೆರಿಕದ ಮೂಕಿ ಹಾಸ್ಯನಟ ಬಸ್ಟರ್ ಕೀಟನ್‌ನ 'ದಿ ಬ್ಲ್ಯಾಕ್‌ಸ್ಮಿತ್' 1922ರದು. ದಶಕಗಳ ಕಾಲ ಎಲ್ಲರೂ ನೋಡಿದ್ದು ಒಂದೇ ರೂಪ. 2013ರಲ್ಲಿ ಅರ್ಜೆಂಟೀನಾದಲ್ಲಿ ಸಿಕ್ಕ ಪ್ರತಿಯೊಂದರಲ್ಲಿ ಯಾರೂ ಕಾಣದ ದೃಶ್ಯಗಳಿದ್ದವು.

ಇನ್ನೊಂದು. 2009ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹಳೆಯ ವಸ್ತುಗಳ ಮಾರಾಟಕ್ಕೆ ಹೋದ ಚಿತ್ರ ಇತಿಹಾಸಕಾರರೊಬ್ಬರು ಕೀಸ್ಟೋನ್ ಎಂಬ ಹಾಲಿವುಡ್ ಹಾಸ್ಯ ಸಂಸ್ಥೆಯ ಯಾವುದೋ ಚಿತ್ರವೆಂದು 16 ಮಿ.ಮೀ. ಅಗಲದ ರೀಲೊಂದನ್ನು ಕೊಂಡರು. ತಿಂಗಳುಗಳ ನಂತರ ಹಾಕಿ ನೋಡಿದರೆ ಪೊಲೀಸ್ ವೇಷದಲ್ಲಿ ಬರುವ ಪಾತ್ರಧಾರಿ ಚಾರ್ಲಿ ಚಾಪ್ಲಿನ್! ಕಳೆದುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ 1914ರ 'ಎ ಥೀಫ್ ಕ್ಯಾಚರ್' ಅದು. ನಿಮ್ಮ ಮೊಬೈಲಿನಲ್ಲಿ ಇರುವುದು ಯಾರೋ ಈಗಾಗಲೇ ಹುಡುಕಿ ಏರಿಸಿದ್ದು. ಡಬ್ಬಿಯಲ್ಲಿ ಇರುವುದು ಏನೆಂದು ಮುಚ್ಚಳ ತೆಗೆಯುವವರೆಗೆ ಯಾರಿಗೂ ಗೊತ್ತಿಲ್ಲ.

ಹಳೇ ಮೇಷ್ಟ್ರು (ವಿರಾಜಪೇಟೆ)

ನಾನು ಸಂಗ್ರಾಹಕನಲ್ಲ, ನಾಟಕದವನು. ಈ ಚಿತ್ರಗಳ ಬಗ್ಗೆ ನನ್ನ ಆಸೆ ಬೇರೆಯೇ ಕಾರಣಕ್ಕೆ.

ರಂಗದ ಮೇಲಿನ ಹಾಸ್ಯ ಅಂದಂದಿಗೆ ಮುಗಿಯುತ್ತದೆ. ಗುಬ್ಬಿ ವೀರಣ್ಣನವರು ವೇದಿಕೆಯಲ್ಲಿ ಹೇಗೆ ತಡವರಿಸಿ ನಿಲ್ಲುತ್ತಿದ್ದರು, ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮಾತು ಬಿಡುತ್ತಿದ್ದರು ಎಂಬುದು ನೋಡಿದವರೊಂದಿಗೇ ಹೋಯಿತು. ಕೈಲಾಸಂ ಅವರ ಮಾತುಗಳು ಅಚ್ಚಿನಲ್ಲಿವೆ, ಆಡಿ ತೋರಿಸುತ್ತಿದ್ದ ಮೈ ಇಲ್ಲ. ಆದರೆ ಇಂಗ್ಲೆಂಡಿನಲ್ಲಿ ಹಾಡು, ಕುಣಿತ, ಹಾಸ್ಯ ಆಡುತ್ತಿದ್ದ ಮ್ಯೂಸಿಕ್ ಹಾಲ್ ಎಂಬ ರಂಗಮಂದಿರಗಳ ಪ್ರಹಸನಗಳ ಮೈ ಅಲ್ಲಿ ಇಲ್ಲಿ ಉಳಿದಿದೆ. ಲಿಟ್ಲ್ ಟಿಚ್ ಎಂಬ ಗಿಡ್ಡ ವಿದೂಷಕ 28 ಇಂಚಿನ ಬೂಟು ತೊಟ್ಟು ಅದರ ತುದಿಯ ಮೇಲೆ ನಿಂತು, ಬಾಗಿ, ಕುಣಿಯುವುದನ್ನು 1900ರಲ್ಲಿ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದ ಹೊತ್ತಿಗೆ ಚಿತ್ರೀಕರಿಸಿದರು. ಕ್ಯಾಮೆರಾ ಅಲ್ಲಾಡುವುದಿಲ್ಲ, ಕತ್ತರಿಯಿಲ್ಲ, ಕಥೆಯಿಲ್ಲ. ಮೂರನೇ ಸಾಲಿನ ಕುರ್ಚಿ ಸಿಕ್ಕಿತು ಎನ್ನಿ. ಅಷ್ಟು ಸಾಕು ನನಗೆ.

ಚಾಪ್ಲಿನ್ ಮತ್ತು ಮುಂದೆ ಲಾರೆಲ್ ಮತ್ತು ಹಾರ್ಡಿ ಹಾಸ್ಯಜೋಡಿಯಿಂದ ಹೆಸರಾದ ಸ್ಟ್ಯಾನ್ ಲಾರೆಲ್ ಇಬ್ಬರೂ ಫ್ರೆಡ್ ಕಾರ್ನೋ ಎಂಬವನ ನಾಟಕ ಕಂಪನಿಯಲ್ಲಿ ಪಳಗಿದವರು. 1910ರಲ್ಲಿ ಒಂದೇ ತಂಡದಲ್ಲಿ ಅಮೆರಿಕಕ್ಕೆ ಹೋದರು. ಆ ಕಂಪನಿಯ ಹೆಸರುವಾಸಿ ಪ್ರಹಸನದಲ್ಲಿ ನಾಟಕದೊಳಗೊಂದು ನಾಟಕ ನಡೆಯುತ್ತದೆ, ಕುಡಿದ ಪ್ರೇಕ್ಷಕನೊಬ್ಬ ಅದನ್ನು ಹಾಳುಗೆಡವುತ್ತಾನೆ. ಕುಡುಕನ ಪಾತ್ರ ಚಾಪ್ಲಿನ್‌ನದು. 1915ರಲ್ಲಿ ಅದೇ ಸರಕಿನಿಂದ 'ಎ ನೈಟ್ ಇನ್ ದಿ ಶೋ' ಮಾಡಿ, ಮುಂದಿನ ಸಾಲಿನ ಶ್ರೀಮಂತ ಕುಡುಕನಾಗಿಯೂ ಮೇಲಟ್ಟದ ಬಡ ಕುಡುಕನಾಗಿಯೂ ತಾನೇ ನಟಿಸಿದ. ಕಾರ್ನೋ ಕಂಪನಿಯ ಆಟ ಹೇಗಿತ್ತು ಎಂದು ತಿಳಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ನಮ್ಮಲ್ಲಿ ತಿತಿಮತಿ ಬಳಿಯ ದೇವರಪುರದ ಕುಂಡೆ ಹಬ್ಬವನ್ನೇ ನೋಡಿ. ಗಂಡಸರು ಹೆಣ್ಣುವೇಷ ತೊಟ್ಟು, ಪ್ಲಾಸ್ಟಿಕ್ ಡಬ್ಬ ಬಡಿಯುತ್ತಾ, ದೇವರಿಗೇ ಬೈಯುತ್ತಾ ಮನೆಮನೆಗೆ, ಅಂಗಡಿ ಅಂಗಡಿಗೆ ಬರುತ್ತಾರೆ. ಒಬ್ಬೊಬ್ಬನ ನಡಿಗೆ, ಬಿದ್ದು ಏಳುವ ವರಸೆ ಒಂದೊಂದು ಪ್ರಹಸನ. ಐವತ್ತು ವರ್ಷದ ಹಿಂದಿನ ವೇಷಗಾರರ ಒಂದು ನಿಮಿಷದ ಫಿಲಂ ಯಾರ ಅಟ್ಟದಲ್ಲಾದರೂ ಇದ್ದರೆ ನನಗೆ ಹೇಳಿ. ಅದರ ಮುಂದೆ ನಾನು ಚಾಪ್ಲಿನ್‌ನನ್ನೂ ಬಿಟ್ಟೇನು.

ಕಾಫಿ ಹೂ (ಸಿದ್ದಾಪುರ)

ಮೇಷ್ಟ್ರೇ, ನಿಮ್ಮ ಮಾತಿಗೆ ಪೂರ್ತಿ ತಲೆಯಾಡಿಸಲಾರೆ. ರಂಗದ ಮೈ ಉಳಿದಿದೆ ಎಂದಾಗ ಅದರ ಜೊತೆಗೆ ಉಳಿದದ್ದನ್ನೂ ಹೇಳಬೇಕಲ್ಲವೇ? 1894ರಲ್ಲಿ ಎಡಿಸನ್ ಸಂಸ್ಥೆ ಚಿತ್ರೀಕರಿಸಿದ ರಂಗ ಪ್ರಹಸನವೊಂದರಲ್ಲಿ ಬಟ್ಟೆ ಒಗೆಯುವ ಚೀನೀಯನ ವೇಷ ಹಾಕಿದ ನಟ ಪೊಲೀಸಿನವನಿಂದ ತಪ್ಪಿಸಿಕೊಳ್ಳುತ್ತಾ ಓಡುವುದೇ ಹಾಸ್ಯ. ಆಮೇಲಿನ ಚಿತ್ರಗಳಲ್ಲಿ ಮುಖಕ್ಕೆ ಮಸಿ ಬಳಿದ ಬಿಳಿಯರು, ಏಟು ತಿನ್ನುವುದಕ್ಕೆಂದೇ ಇರುವ ದಪ್ಪ ಹೆಂಗಸರು. ನಿಮಗೆ ಒಳ್ಳೆಯ ಕುರ್ಚಿ ಸಿಗುತ್ತದೆ, ನನಗೆ ಆ ಕುರ್ಚಿಯಲ್ಲಿ ಕೂರಲು ಮೈ ಚುಚ್ಚುತ್ತದೆ.

ಹಾಗೆಂದು ಸುಟ್ಟುಹಾಕಿ ಎನ್ನುತ್ತಿಲ್ಲ. ಇದೇ ರಾಶಿಯಲ್ಲಿ ಮೇಬಲ್ ನಾರ್ಮಂಡ್ ಇದ್ದಾಳೆ. ಕೀಸ್ಟೋನ್‌ನಲ್ಲಿ ನಟಿಸುವುದಷ್ಟೇ ಅಲ್ಲ, 1914ರ ಹೊತ್ತಿಗೇ ನಿರ್ದೇಶನವನ್ನೂ ಮಾಡುತ್ತಿದ್ದವಳು. ಅವಳು ನಿರ್ದೇಶಿಸಿದ ಒಂದು ಚಿತ್ರ ನ್ಯೂಜಿಲೆಂಡಿನಲ್ಲಿ ಇತ್ತೆಂದು 2010ರಲ್ಲಿ ತಿಳಿಯಿತು. ಯಾರೋ ಎಸೆಯದೆ ಇಟ್ಟದ್ದರಿಂದಲೇ ಚಾಪ್ಲಿನ್ ಒಬ್ಬನೇ ಎಲ್ಲವನ್ನೂ ಕಟ್ಟಿದ ಎಂಬ ಕಥೆಗೆ ಪೆಟ್ಟು ಬಿತ್ತು. ಸಂಗ್ರಹಿಸುವವರು ಮುಜುಗರದ್ದನ್ನೂ ಸಂಗ್ರಹಿಸಬೇಕು. ತೋರಿಸುವಾಗ ಮಾತ್ರ "ಅಂದಿನ ಮುಗ್ಧ ಹಾಸ್ಯ" ಎಂಬ ಪೀಠಿಕೆ ಬೇಡ. ಅದು ಮುಗ್ಧವಾಗಿರಲಿಲ್ಲ.

ಹಳೇ ಮೇಷ್ಟ್ರು (ವಿರಾಜಪೇಟೆ)

ಒಪ್ಪಿದೆ ಮಗಳೇ. ಕಂಪನಿ ನಾಟಕದ ಹಾಸ್ಯದಲ್ಲೂ ಆಳು, ಅಗಸ, ಸೂಳೆಯರ ಪಾತ್ರಗಳಿಗೆ ಇದೇ ಗತಿಯಾಗಿತ್ತು. ಅದು ಫಿಲಂನಲ್ಲಿ ಉಳಿಯಲಿಲ್ಲವಾದ್ದರಿಂದ ನಾವು ಬಹಳ ಸಭ್ಯರಾಗಿದ್ದೆವು ಎಂದು ಹೇಳಿಕೊಳ್ಳಲು ಅನುಕೂಲವಾಗಿದೆ.

ಆಪರೇಟರ್ (ಗೋಣಿಕೊಪ್ಪ)

ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನು ನಾನು. ಚರ್ಚೆ ಎತ್ತರಕ್ಕೆ ಹೋಗಿದೆ, ನಾನು ಯಂತ್ರದ ಮಾತು ಆಡುತ್ತೇನೆ.

ಹಳೆಯ ಹಾಸ್ಯ ಎಂದರೆ ಎಲ್ಲರೂ ದಡಬಡ ಓಡುತ್ತಾರೆ, ಅದಕ್ಕೇ ನಗು ಎಂದು ಜನ ನಂಬಿದ್ದಾರೆ. ಅರ್ಧ ಸತ್ಯ. ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಚೌಕಟ್ಟು ಎಂದು ಬಾಯಿಮಾತು, ಕೈಯ ಲೆಕ್ಕ ಬೇರೆ. ಕೀಸ್ಟೋನ್‌ನವರು ಬೇಕೆಂದೇ ನಿಧಾನ ತಿರುಗಿಸಿ, ತೆರೆಯ ಮೇಲೆ ಓಟ ಜೋರಾಗುವಂತೆ ಮಾಡುತ್ತಿದ್ದರು. ಅದು ಅವರ ಕಸಬು. ಆದರೆ ಮಾತಿನ ಚಿತ್ರ ಬಂದ ಮೇಲೆ ವೇಗ 24ಕ್ಕೆ ನಿಂತಿತು. ಹಳೆಯ ರೀಲನ್ನು ಅದೇ ಯಂತ್ರದಲ್ಲಿ ಹಾಕಿದರೆ ಮೊದಲಿನ ಓಟದ ಮೇಲೆ ಅರ್ಧದಷ್ಟು ಹೆಚ್ಚಿನ ಓಟ. ಅದು ಯಾರ ಕಸಬೂ ಅಲ್ಲ. ವೇಗ ಇಳಿಸಿ ನೋಡಿ: ಬೀಳುವ ಮೊದಲು ನಟ ಒಂದು ಕ್ಷಣ ತಡೆಯುತ್ತಾನೆ, ಕಣ್ಣು ಹೊರಳಿಸುತ್ತಾನೆ. ಮ್ಯಾಕ್ಸ್ ಲಿಂಡರ್ ಎಂಬ ಫ್ರೆಂಚ್ ನಟನ ಇಡೀ ಕಲೆ ಆ ತಡೆಯುವುದರಲ್ಲಿದೆ. ಚಾಪ್ಲಿನ್ ಅವನನ್ನು ಗುರು ಎಂದು ಒಪ್ಪಿಕೊಂಡವನು. 24ರಲ್ಲಿ ಓಡಿಸಿದರೆ ಆ ಕಲೆ ತೊಳೆದುಹೋಗುತ್ತದೆ.

ಸಂಗ್ರಾಹಕರ ಕೈಯಲ್ಲಿ ವೇಗ ಬದಲಿಸುವ ಪ್ರೊಜೆಕ್ಟರ್ ಇರುತ್ತದೆ, ಮೊಬೈಲಿನಲ್ಲಿ ಯಾರೋ ತೀರ್ಮಾನಿಸಿದ ವೇಗ ಇರುತ್ತದೆ. ಸೋಮವಾರಪೇಟೆಯವರೇ, ನಿಮಗೆ ನನ್ನ ಉತ್ತರ ಇಷ್ಟೇ.

ಕಾಫಿ ಹೂ (ಸಿದ್ದಾಪುರ)

ಈ ಚರ್ಚೆಗೆ ನಾನು ಬಂದ ನಿಜವಾದ ಕಾರಣ ಈಗ ಹೇಳುತ್ತೇನೆ. ನಮ್ಮ ತೋಟದ ಹಳೆಯ ಬಂಗಲೆಯ ಅಟ್ಟ ಖಾಲಿ ಮಾಡುವಾಗ ತಗಡಿನ ಪೆಟ್ಟಿಗೆಯೊಂದು ಸಿಕ್ಕಿದೆ. ಮುಂಚೆ ಅಲ್ಲಿ ಇಂಗ್ಲಿಷ್ ಪ್ಲಾಂಟರ್ ಕುಟುಂಬ ಇತ್ತಂತೆ. ಪೆಟ್ಟಿಗೆಯೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ದುಂಡು ಲೋಹದ ಡಬ್ಬಿಗಳು, ಒಳಗೆ ಫಿಲಂ. ತೂತುಗಳು ಅಂಚಿನಲ್ಲಿಲ್ಲ, ನಡುವಿನಲ್ಲಿವೆ. ಬೆಳಕಿಗೆ ಹಿಡಿದು ನೋಡಿದರೆ ಕೆಳಕ್ಕೆ ಇಳಿಬಿದ್ದ ದಪ್ಪ ಮೀಸೆಯ ಒಬ್ಬ ಗಿಡ್ಡ ಮನುಷ್ಯ. ಮನೆಯಲ್ಲಿ ಎಲ್ಲರೂ ಚಾಪ್ಲಿನ್ ಎನ್ನುತ್ತಿದ್ದಾರೆ. ಅಣ್ಣ ಆಗಲೇ ಲಕ್ಷದ ಲೆಕ್ಕ ಹಾಕುತ್ತಿದ್ದಾನೆ. ಗುಜರಿಯವರು ತೂಕಕ್ಕೆ ಕೇಳಿದರು, ಕೊಡಲಿಲ್ಲ.

ರೀಲುಪೆಟ್ಟಿಗೆ (ಮಡಿಕೇರಿ)

ಕೊಡಲಿಲ್ಲವೆಂದು ಓದಿದ ಮೇಲೆ ಉಸಿರು ಬಿಟ್ಟೆ!

ತೂತು ನಡುವಿನಲ್ಲಿದ್ದರೆ ಅದು 9.5 ಮಿ.ಮೀ. ಅಗಲದ ಫಿಲಂ. ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ ಮನೆಯಲ್ಲಿ ಸಿನಿಮಾ ನೋಡಲೆಂದು ತಂದ ಪಾಥೆ ಬೇಬಿ. ಅಮೆರಿಕದ ಕೊಡ್ಯಾಕ್ ಮರುವರ್ಷ 16 ಮಿ.ಮೀ. ತಂದಿತು. ಒಂದು ಡಬ್ಬಿಯಲ್ಲಿ ಹಿಡಿಸುತ್ತಿದ್ದುದು ಒಂದೆರಡು ನಿಮಿಷದ ಆಟ. ಹಾಗಾಗಿ ಆ ಡಬ್ಬಿಗೆ ಹೇಳಿ ಮಾಡಿಸಿದ ಸರಕು ಪ್ರಹಸನವೇ. ದೊಡ್ಡ ಕಥಾಚಿತ್ರವನ್ನು ಕತ್ತರಿಸಿದರೆ ಕಥೆ ಹೋಗುತ್ತದೆ, ಹಾಸ್ಯ ಚಿತ್ರದಿಂದ ಒಂದು ಜಾರಿಕೆಯನ್ನು, ಒಂದು ಬೆನ್ನಟ್ಟುವಿಕೆಯನ್ನು ಬೇರೆ ಮಾಡಿ ತೋರಿಸಿದರೂ ನಗಲು ಅದೊಂದೇ ಸಾಕು.

ಚಿತ್ರಮಂದಿರಕ್ಕೆ ಹೋಗುತ್ತಿದ್ದ 35 ಮಿ.ಮೀ. ಫಿಲಂ ಆಗ ನೈಟ್ರೇಟ್. ಹತ್ತಿದರೆ ನೀರಿನೊಳಗೂ ಉರಿಯುವಂಥದ್ದು. 1950ರ ದಶಕದ ಆರಂಭದವರೆಗೂ ಅದೇ ನಡೆಯಿತು. ಮನೆಗೆ ಮಾರುವ ಫಿಲಂ ಹಾಗಿದ್ದರೆ ಯಾರು ಕೊಳ್ಳುತ್ತಾರೆ? ಅದಕ್ಕೇ 9.5 ಮತ್ತು 16 ಮಿ.ಮೀ.ಗಳನ್ನು ಮೊದಲಿನಿಂದಲೂ ಬೇಗ ಹತ್ತಿಕೊಳ್ಳದ ಅಸಿಟೇಟ್ ಮೇಲೆ ಮಾಡಿದರು. ಸ್ಟುಡಿಯೋಗಳ ಮೂಲ ಪ್ರತಿಗಳು ಸುಟ್ಟವು, ಕೊಳೆತವು, ಫಿಲಂನೊಳಗಿನ ಬೆಳ್ಳಿಗಾಗಿ ಕರಗಿದವು. ಫ್ರಾನ್ಸಿನ ಆರಂಭಕಾಲದ ನಿರ್ದೇಶಕ ಮೆಲಿಯೆಸ್‌ನ ಚಿತ್ರಗಳಲ್ಲಿ ಒಂದಷ್ಟು ಮೊದಲ ಮಹಾಯುದ್ಧದಲ್ಲಿ ಕರಗಿ ಬೂಟಿನ ಹಿಮ್ಮಡಿಯಾದವು, ಉಳಿದ ನೆಗೆಟಿವ್‌ಗಳನ್ನು 1923ರಲ್ಲಿ ಅವನೇ ಸುಟ್ಟ. ಅಮೆರಿಕದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ತಿ ಉಳಿದದ್ದು ಶೇ 14 ಮಾತ್ರ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ಇತ್ತ ಮಕ್ಕಳ ಹುಟ್ಟುಹಬ್ಬಕ್ಕೆಂದು ಕೊಂಡ ಹಾಸ್ಯದ ಡಬ್ಬಿ ಸಿದ್ದಾಪುರದ ಅಟ್ಟದಲ್ಲಿ ಕುಳಿತಿದೆ.

ಮೀಸೆಯ ವಿಷಯ: ಚಾಪ್ಲಿನ್‌ನದು ಮೂಗಿನ ಕೆಳಗಿನ ತುಣುಕು. ಕೆಳಕ್ಕೆ ಇಳಿಬಿದ್ದಿದ್ದರೆ ನನ್ನ ಊಹೆ ಸ್ನಬ್ ಪೊಲಾರ್ಡ್. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಹಾಲಿವುಡ್ ಸೇರಿದವನು. ದೊಡ್ಡ ಅಯಸ್ಕಾಂತ ಹಿಡಿದು, ಮುಂದೆ ಹೋಗುವ ಕಾರುಗಳ ಸೆಳೆತದಿಂದ ತನ್ನ ಪುಟ್ಟ ಗಾಡಿ ಓಡಿಸುತ್ತಾನಲ್ಲ, 1923ರ ಆ ಚಿತ್ರದ ನಾಯಕ ಅವನೇ. ಅಣ್ಣನವರಿಗೆ ಬೇಸರವಾಗಬಹುದು, ಇಂಥ ಡಬ್ಬಿಗಳಿಗೆ ಲಕ್ಷ ಬರುವುದಿಲ್ಲ. ಒಂದು ಒಳ್ಳೆಯ ಊಟದ ಬೆಲೆಗೆ ವಿದೇಶದಲ್ಲಿ ಸಿಗುತ್ತವೆ. ಯಾರ ಬಳಿಯೂ ಇಲ್ಲದ ಚಿತ್ರವಾದರೆ ಮಾತು ಬೇರೆ.

ಸಂದೇಹಿ (ಸೋಮವಾರಪೇಟೆ)

ಇಲ್ಲಿಯೇ ನನ್ನ ಎರಡನೇ ಸಂದೇಹ. ಯಾರ ಬಳಿಯೂ ಇಲ್ಲದ್ದು ಎಂದಾಕ್ಷಣ ಅದನ್ನು ಬಚ್ಚಿಡುವವರೂ ನಿಮ್ಮವರೇ ಅಲ್ಲವೇ? ಲಾರೆಲ್ ಮತ್ತು ಹಾರ್ಡಿಯವರ 'ದಿ ಬ್ಯಾಟಲ್ ಆಫ್ ದಿ ಸೆಂಚುರಿ' ಬಗ್ಗೆ ಓದಿದೆ. 1927ರ ಚಿತ್ರ, ಬೀದಿ ತುಂಬ ಜನ ಒಬ್ಬರ ಮುಖಕ್ಕೊಬ್ಬರು ಕಡುಬಿನಂಥ ಪೈ ಎಸೆಯುವುದು. 1957ರ ಒಂದು ಸಂಕಲನಕ್ಕೆಂದು ಕತ್ತರಿಸಿದ ತುಣುಕಷ್ಟೇ ಲೋಕಕ್ಕೆ ಸಿಕ್ಕಿತ್ತು. ಪೂರ್ತಿ ಎರಡನೇ ರೀಲು ಪತ್ತೆಯಾಗಿದ್ದು 2015ರಲ್ಲಿ, ಒಬ್ಬ ಸಂಗ್ರಾಹಕರಿಂದ ಇನ್ನೊಬ್ಬರಿಗೆ ಬಂದ ಡಬ್ಬಿಗಳ ನಡುವೆ. ಅಷ್ಟು ವರ್ಷ ಅದು ಖಾಸಗಿ ಕಪಾಟಿನಲ್ಲಿ ಇತ್ತು!

ರೀಲುಪೆಟ್ಟಿಗೆ (ಮಡಿಕೇರಿ)

ಬಚ್ಚಿಟ್ಟದ್ದಲ್ಲ, ಡಬ್ಬಿಗಳ ರಾಶಿಯಲ್ಲಿ ಯಾರೂ ಹಾಕಿ ನೋಡದೆ ಉಳಿದದ್ದು. ಆದರೆ ಬಚ್ಚಿಡುವವರಿದ್ದಾರೆ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ತನ್ನಲ್ಲಿ ಮಾತ್ರ ಇದೆ ಎಂಬ ಸುಖಕ್ಕೆ ಡಿಜಿಟಲ್ ಪ್ರತಿ ಮಾಡಲೂ ಬಿಡದವರನ್ನು ನಾನು ಸಂಗ್ರಾಹಕರೆನ್ನುವುದಿಲ್ಲ, ಫಿಲಂ ಅವರ ಬಳಿ ಸಾಯುತ್ತದೆ. ಇನ್ನೊಂದು ಬದಿಯನ್ನೂ ನೋಡಿ: ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರದು, ಒಂದು ಪ್ರತಿಯೂ ಇಲ್ಲ. ಪುಣೆಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ನಡುವಿನ ಮೂವತ್ತು ವರ್ಷ ಅದನ್ನು ಕಾಯಲು ಒಬ್ಬ ಹುಚ್ಚನಾದರೂ ಇದ್ದಿದ್ದರೆ, ಅವನು ಜಿಪುಣನಾಗಿದ್ದರೂ ನಾನು ಕಾಲಿಗೆ ಬೀಳುತ್ತಿದ್ದೆ. ಬಂಗಾಳಿಯಲ್ಲಿ 1931ರ 'ಜಮಾಯಿ ಬಾಬು' ಎಂಬ ಪುಟ್ಟ ಮೂಕಿ ಹಾಸ್ಯ ಚಿತ್ರ ಉಳಿದುಕೊಂಡಿದೆ. ಕಲ್ಕತ್ತೆಗೆ ಬಂದ ಹಳ್ಳಿಯ ಅಳಿಯನ ಫಜೀತಿ. ಕಥೆ ಮಾಮೂಲಿ, ಆದರೆ ಅಂದಿನ ಕಲ್ಕತ್ತೆಯ ಬೀದಿಗಳು ಅದರಲ್ಲಿ ಓಡಾಡುತ್ತಿವೆ. ನಮಗೆ ಅಂಥದ್ದೊಂದು ಬೆಂಗಳೂರಿನದ್ದೋ ಮಡಿಕೇರಿಯದ್ದೋ ಇಲ್ಲ.

ಕಾಫಿ ಹೂ ಅವರೇ, ಈಗ ಮಾಡಬೇಕಾದ್ದು. ಮೂಗಿಗೆ ವಿನೆಗರ್ ವಾಸನೆ ಬರುತ್ತದೆಯೇ ನೋಡಿ. ಬಂದರೆ ಅಸಿಟೇಟ್ ಹುಳಿಯಲು ಶುರುವಾಗಿದೆ ಎಂದರ್ಥ, ಅಂಥ ಡಬ್ಬಿಯನ್ನು ಉಳಿದವುಗಳಿಂದ ದೂರವಿಡಿ. 21 ಡಿಗ್ರಿ ಸೆಲ್ಸಿಯಸ್, ಶೇ 50 ತೇವದಲ್ಲಿ ಹೊಸ ಅಸಿಟೇಟ್ ಫಿಲಂಗೆ ಹುಳಿ ಹಿಡಿಯಲು ಸುಮಾರು 40 ವರ್ಷ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ತೇವ ಎಷ್ಟೆಂದು ಹೇಳಬೇಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ ಮುಚ್ಚಬೇಡಿ, ಹೊರಟ ಆಮ್ಲದ ಆವಿ ಒಳಗೇ ಸುತ್ತಿ ಇನ್ನಷ್ಟು ಕೆಡಿಸುತ್ತದೆ. ಅಡುಗೆಮನೆಯ ಅಗ್ಗಿಷ್ಟಿಕೆಯ ಮೇಲಿನ ಅಟ್ಟವೂ ಬೇಡ. ಬಿಸಿ ಫಿಲಂ ಕುಗ್ಗಿಸುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಒಣಗಿದ ಕೋಣೆ ಸಾಕು. ಪ್ರೊಜೆಕ್ಟರ್ ಇದ್ದರೂ ಹಾಕಬೇಡಿ, ನೂರು ವರ್ಷದ ಫಿಲಂ ಕುಗ್ಗಿರುತ್ತದೆ, ಯಂತ್ರದ ಹಲ್ಲು ಅದನ್ನು ಹರಿದುಹಾಕುತ್ತದೆ.

ಕಾಫಿ ಹೂ (ಸಿದ್ದಾಪುರ)

ಎರಡು ಡಬ್ಬಿಗಳಲ್ಲಿ ವಾಸನೆ ಇದೆ, ಬೇರೆ ಇಟ್ಟೆ. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡುವವರೊಬ್ಬರಿಗೆ ಫೋಟೋ ಕಳಿಸಿದ್ದೆ. "ಅಂಚಿನಲ್ಲಿ ಅಲ್ಲಲ್ಲಿ ಕಚ್ಚು ಬಿದ್ದಿದೆ, ಫಿಲಂ ಹಾಳಾಗಿದೆ, ಆ ಭಾಗ ಕತ್ತರಿಸಿ ಅಂಟಿಸುತ್ತೇವೆ" ಎಂದರು.

ಆಪರೇಟರ್ (ಗೋಣಿಕೊಪ್ಪ)

ಕತ್ತರಿಸಲು ಬಿಡಬೇಡಿ ತಂಗಿ! ಆ ಕಚ್ಚು ಕಾರ್ಖಾನೆಯಲ್ಲೇ ಹಾಕಿದ್ದು. ಪುಟ್ಟ ಡಬ್ಬಿಯಲ್ಲಿ ಫಿಲಂ ಉಳಿಸಲೆಂದು ಪಾಥೆಯವರು ಶೀರ್ಷಿಕೆ ಬರಹಕ್ಕೆ ಒಂದೆರಡು ಚೌಕಟ್ಟಷ್ಟೇ ಕೊಟ್ಟು ಪಕ್ಕದಲ್ಲಿ ಕಚ್ಚು ಮಾಡುತ್ತಿದ್ದರು. ಕಚ್ಚು ಬಂದಾಗ ಪ್ರೊಜೆಕ್ಟರ್‌ನ ಒಂದು ಕೊಂಡಿ ಅದರೊಳಗೆ ಬಿದ್ದು, ಹಿಡಿ ತಿರುಗುತ್ತಿದ್ದರೂ ಚಿತ್ರ ಕೆಲವು ಸೆಕೆಂಡು ಅಲ್ಲೇ ನಿಲ್ಲುತ್ತಿತ್ತು. ಓದಿ ಮುಗಿಯುವಷ್ಟರಲ್ಲಿ ಮತ್ತೆ ಓಡುತ್ತಿತ್ತು. ಅವರು "ಹಾಳು" ಎಂದು ಕತ್ತರಿಸಲು ಹೊರಟಿರುವುದು ಚಿತ್ರದ ಹೆಸರನ್ನು ಮತ್ತು ಹಾಸ್ಯದ ಮಾತುಗಳನ್ನು. ನಿಮ್ಮ ಪೊಲಾರ್ಡ್ ಪೊಲಾರ್ಡ್ ಹೌದೋ ಅಲ್ಲವೋ ಎಂದು ಹೇಳಬಲ್ಲದ್ದೂ ಅದೇ. ಸ್ಕ್ಯಾನ್ ಆದ ಮೇಲೆ ಆ ಚೌಕಟ್ಟನ್ನು ಕಂಪ್ಯೂಟರಿನಲ್ಲಿ ನಾಲ್ಕೈದು ಸೆಕೆಂಡು ಹಿಗ್ಗಿಸಿದರೆ ಆಯಿತು. ಯಂತ್ರಕ್ಕೂ ಹಲ್ಲುಚಕ್ರ ಇರದಂತೆ ಕೇಳಿ, ಉರುಳೆಯ ಮೇಲೆ ಓಡಿಸುವಂಥದ್ದು ಬೇಕು.

ಹಳೇ ಮೇಷ್ಟ್ರು (ವಿರಾಜಪೇಟೆ)

ಸ್ಕ್ಯಾನ್ ಆದರೆ ನಮ್ಮ ಶಾಲೆಯ ಸಭಾಂಗಣ ಕೊಡಿಸುತ್ತೇನೆ. ಹಾರ್ಮೋನಿಯಂ ನಾನೇ ತರುತ್ತೇನೆ, ಮೂಕಿಚಿತ್ರಕ್ಕೆ ಸುಮ್ಮನೆ ಕೂರಬಾರದು.

ಸಂದೇಹಿ (ಸೋಮವಾರಪೇಟೆ)

ಹಾರ್ಮೋನಿಯಂ ಇದ್ದರೆ ನಾನು ಬರುತ್ತೇನೆ. ರೀಲಿಗಾಗಿ ಅಲ್ಲ ಎಂದು ದಾಖಲಾಗಲಿ.

ಕಾಫಿ ಹೂ (ಸಿದ್ದಾಪುರ)

ಫೆಬ್ರುವರಿಯಲ್ಲಿ ರೊಬಸ್ಟಾ ಕೊಯ್ಲು, ಅದರ ಹಿಂದೆಯೇ ಮೆಣಸು. ಮಾರ್ಚ್ ಕೊನೆಯ ವಾರ ಆಗಬಹುದೇ? ಅಷ್ಟರೊಳಗೆ ಸ್ಕ್ಯಾನ್ ಮಾಡುವ ಬೇರೆ ಯಾರನ್ನಾದರೂ ಹುಡುಕಬೇಕು. ಮಡಿಕೇರಿಯವರೇ, ನಿಮ್ಮ ಪರಿಚಯದವರಿದ್ದರೆ ಸಂದೇಶ ಕಳಿಸಿ.